ಒಂದು ರೈಫಲ್, ಎರಡು ತೋಟಾ: ಇನ್ಸಾಸ್‌ಗೆ ಬದಲಿ ಹುಡುಕಿದ ಸ್ಪರ್ಧೆಯ ಪ್ರಕರಣ ಅಧ್ಯಯನ

2011ರ ನವೆಂಬರ್‌ನಲ್ಲಿ ಭಾರತದ ರಕ್ಷಣಾ ಸಚಿವಾಲಯವು ನಲವತ್ತಕ್ಕೂ ಹೆಚ್ಚು ವಿದೇಶಿ ಶಸ್ತ್ರ ಕಂಪನಿಗಳಿಗೆ ಒಂದು ಟೆಂಡರ್ ಕಳುಹಿಸಿತು. ಪದಾತಿ ದಳದ ಕೈಯಲ್ಲಿದ್ದ ಇನ್ಸಾಸ್ ರೈಫಲ್‌ಗೆ ಬದಲಿಯಾಗಿ ಮೊದಲ ಕಂತಿನಲ್ಲಿ ಸುಮಾರು 66,000 ಹೊಸ ರೈಫಲ್‌ಗಳನ್ನು ಕೊಳ್ಳುವುದು, ಮುಂದಿನವನ್ನು ತಂತ್ರಜ್ಞಾನ ಪಡೆದು ನಮ್ಮ ಕಾರ್ಖಾನೆಗಳಲ್ಲೇ ತಯಾರಿಸುವುದು ಅದರ ಉದ್ದೇಶವಾಗಿತ್ತು. ಮೂರೂವರೆ ವರ್ಷ ಕಾಗದಗಳು ಓಡಾಡಿದವು, ಮಾದರಿಗಳು ಬಂದವು, ಗುಂಡು ಹಾರಿಸಿ ನೋಡಿದ್ದೂ ಆಯಿತು. 2015ರ ಜೂನ್‌ನಲ್ಲಿ, ಒಂದೇ ಒಂದು ರೈಫಲನ್ನೂ ಕೊಳ್ಳದೆ, ಇಡೀ ಟೆಂಡರನ್ನು ಹಿಂತೆಗೆದುಕೊಳ್ಳಲಾಯಿತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕಡತಗಳ ನಿಧಾನಗತಿಯ ಉದಾಹರಣೆಯಾಗಿ ಹೇಳುವುದುಂಟು. ನಿಧಾನ ಇದ್ದದ್ದು ನಿಜ. ಆದರೆ ಹತ್ತಿರದಿಂದ ನೋಡಿದರೆ ನಿಧಾನಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು ಎಂಬುದು ನನ್ನ ತಿಳಿವಳಿಕೆ. ಪರೀಕ್ಷೆಗೆ ಕೂತವರು ಸೋಲುವ ಮೊದಲೇ ಪ್ರಶ್ನೆಪತ್ರಿಕೆ ಸೋತಿತ್ತು. ರೈಫಲ್ ಆಯ್ಕೆಯ ಸ್ಪರ್ಧೆಯಲ್ಲಿ ಫಲಿತಾಂಶ ನಿರ್ಧಾರವಾಗುವುದು ಗುಂಡಿನ ಮೈದಾನಕ್ಕಿಂತ ಬಹಳ ಮುಂಚೆ, ಸೇನೆ ತನಗೆ ಏನು ಬೇಕೆಂದು ಬರೆದುಕೊಡುವ ಆ ಕೆಲವು ಪುಟಗಳಲ್ಲಿ. ಸೇನೆಯವರು ಅದನ್ನು ಚಿಕ್ಕದಾಗಿ ‘ಕ್ಯೂಆರ್’ ಎನ್ನುತ್ತಾರೆ, ಅಂದರೆ ಆಯುಧಕ್ಕೆ ಇರಲೇಬೇಕಾದ ಗುಣಗಳ ಪಟ್ಟಿ. ಈ ಅಧ್ಯಯನದ ಕೇಂದ್ರ ಆ ಪಟ್ಟಿಯೇ.

ಹಿನ್ನೆಲೆ

1962ರ ಚೀನಾ ಯುದ್ಧದಲ್ಲಿ ನಮ್ಮ ಸೈನಿಕರು ಒಂದೊಂದು ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್‌ಗಳನ್ನು ಹಿಡಿದು ಹಿಮಾಲಯದ ಮೇಲೆ ನಿಂತಿದ್ದರು. ಅದರ ಬೆನ್ನಲ್ಲೇ ಬಂದದ್ದು ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ, ಒಂದು ಗುಂಡು ಹಾರಿದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ 7.62 ಮಿ.ಮೀ. ಎಸ್‌ಎಲ್‌ಆರ್. ಉದ್ದನೆಯ, ಭಾರವಾದ, ಭುಜಕ್ಕೆ ಬಲವಾಗಿ ಒದೆಯುವ ಆ ರೈಫಲನ್ನು ಹಳೆಯ ಸೈನಿಕರು ಇಂದಿಗೂ ಗೌರವದಿಂದಲೇ ನೆನೆಯುತ್ತಾರೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರದಿಂದ ಹೊರಬಂದವರಿರಲಿ, ಕೊಡಗಿನ ಹಳ್ಳಿಗಳಿಗೆ ನಿವೃತ್ತರಾಗಿ ಮರಳಿದವರಿರಲಿ, ಆ ತಲೆಮಾರಿನವರ ಮಾತಿನಲ್ಲಿ ‘ರೈಫಲ್’ ಎಂದರೆ ಎಸ್‌ಎಲ್‌ಆರ್.

1987ರಿಂದ 1990ರವರೆಗೆ ಶ್ರೀಲಂಕಾದಲ್ಲಿ ಶಾಂತಿಪಾಲನಾ ಪಡೆಯಾಗಿ ಹೋದ ನಮ್ಮ ಸೈನಿಕರಿಗೆ ಅದೇ ಎಸ್‌ಎಲ್‌ಆರ್ ಹೊರೆಯಾಯಿತು. ದಟ್ಟ ಪೊದೆಗಳ ನಡುವೆ, ಹತ್ತಿರದ ದೂರದಲ್ಲಿ, ಎ.ಕೆ. ರೈಫಲ್ ಹಿಡಿದ ಎದುರಾಳಿ ಒಂದೇ ಉಸಿರಿಗೆ ಸಾಲುಸಾಲು ಗುಂಡು ಹಾರಿಸುತ್ತಿದ್ದರೆ, ನಮ್ಮವನು ಒಂದು ಬಾರಿಗೆ ಒಂದೇ ಗುಂಡು ಹಾರಿಸುವ ಉದ್ದನೆಯ ರೈಫಲನ್ನು ತಿರುಗಿಸಬೇಕಿತ್ತು. ಚಿಕ್ಕ ತೋಟಾದ, ಹಗುರವಾದ ಹೊಸ ರೈಫಲ್ ಬೇಕೆಂಬ ಮಾತು ಅದಕ್ಕೂ ಮೊದಲೇ ಎದ್ದು, ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಂಬತ್ತರ ದಶಕದಲ್ಲೇ 5.56 ಮಿ.ಮೀ. ಇನ್ಸಾಸ್‌ನ ವಿನ್ಯಾಸಕ್ಕೆ ಕೈಹಾಕಿತ್ತು. ಆದರೆ ಅದು ಸೇನೆಯ ಕೈಗೆ ಬರುವಷ್ಟರಲ್ಲಿ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಆ ನಡುವೆ ಕಾಶ್ಮೀರದ ತುರ್ತಿಗಾಗಿ ಪೂರ್ವ ಯೂರೋಪಿನ ದೇಶಗಳಿಂದ 7.62×39 ತೋಟಾದ (ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ತೋಟಾದ ಹಿತ್ತಾಳೆ ಕವಚದ ಉದ್ದ, ಎರಡೂ ಮಿ.ಮೀ.ಗಳಲ್ಲಿ) ಎ.ಕೆ. ಮಾದರಿಯ ರೈಫಲ್‌ಗಳನ್ನು ತರಿಸಿಕೊಳ್ಳಬೇಕಾಯಿತು. ತಾತ್ಕಾಲಿಕವೆಂದು ಬಂದ ಈ ಎ.ಕೆ.ಗಳು ಉಗ್ರ ನಿಗ್ರಹಕ್ಕೆಂದೇ ಕಟ್ಟಿದ ರಾಷ್ಟ್ರೀಯ ರೈಫಲ್ಸ್‌ನಂತಹ ಪಡೆಗಳಲ್ಲಿ ನೆಲೆಯೂರಿಬಿಟ್ಟವು. 2011ರ ಟೆಂಡರಿನ ಬೀಜ ಇಲ್ಲಿದೆ.

ಇನ್ಸಾಸ್‌ನ ವಿಷಯದಲ್ಲಿ ನ್ಯಾಯವಾಗಿ ಮಾತನಾಡಬೇಕು. ಸ್ವಂತ ವಿನ್ಯಾಸದ ರೈಫಲ್ ಒಂದನ್ನು ಲಕ್ಷಗಟ್ಟಲೆ ತಯಾರಿಸಿ ಇಷ್ಟು ದೊಡ್ಡ ಸೇನೆಗೆ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಆದರೆ 1999ರ ಕಾರ್ಗಿಲ್ ಯುದ್ಧದಲ್ಲಿ ಅದರ ಕೊರತೆಗಳು ಕಣ್ಣಿಗೆ ಬಿದ್ದವು. ಒಳಗೆ ಎಷ್ಟು ತೋಟಾ ಉಳಿದಿದೆ ಎಂದು ಕಾಣಲಿ ಎಂದು ಅರೆಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಮಾಡಿದ್ದ ಇಪ್ಪತ್ತು ತೋಟಾಗಳ ಮ್ಯಾಗಜಿನ್ ಆ ಎತ್ತರದ ಚಳಿಯಲ್ಲಿ ಬಿರುಕು ಬಿಡುತ್ತಿತ್ತು. ಮ್ಯಾಗಜಿನ್‌ನ ತುಟಿ ಕೂದಲೆಳೆಯಷ್ಟು ಸೀಳಿದರೂ ತೋಟಾ ಸರಿಯಾದ ಕೋನದಲ್ಲಿ ಮೇಲೇಳುವುದಿಲ್ಲ. ಬೋಲ್ಟ್ ಅದನ್ನು ನಳಿಕೆಗೆ ದೂಡಲು ಹೋಗಿ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಕೈಗವಸು ತೊಟ್ಟ ಸೈನಿಕ ಆ ಚಳಿಯಲ್ಲಿ ಅದನ್ನು ಬಿಡಿಸುತ್ತಾ ಕೂರಬೇಕಾಗುತ್ತದೆ. ಗುಂಡು ಹಾರಿಸುವಾಗ ಎಣ್ಣೆ ಮುಖಕ್ಕೆ ಸಿಡಿಯುತ್ತದೆ, ಮೂರು ಗುಂಡಿಗೆ ನಿಲ್ಲಬೇಕಾದ ರೈಫಲ್ ನಿಲ್ಲದೆ ಹಾರಿಸುತ್ತಲೇ ಹೋಗುತ್ತದೆ ಎಂಬ ದೂರುಗಳೂ ಬಂದವು. ಇವುಗಳಲ್ಲಿ ಹಲವನ್ನು ಮುಂದೆ ಸರಿಪಡಿಸಲಾಯಿತು. ಆದರೂ ಸೈನಿಕನಿಗೆ ತನ್ನ ರೈಫಲ್ ಮೇಲೆ ಒಮ್ಮೆ ಹೋದ ನಂಬಿಕೆ ತಿದ್ದುಪಡಿಯ ಆದೇಶದಿಂದ ಮರಳುವುದಿಲ್ಲ.

ಪ್ರಶ್ನೆಪತ್ರಿಕೆ

2011ರ ಹೊತ್ತಿಗೆ ಸೇನೆಯ ಸ್ಥಿತಿ ಹೀಗಿತ್ತು: ಗಡಿಯುದ್ಧಕ್ಕೆ ತಯಾರಾಗುವ ಪದಾತಿ ಪಡೆಗಳ ಬಳಿ 5.56ರ ಇನ್ಸಾಸ್, ಉಗ್ರರನ್ನು ಬೆನ್ನಟ್ಟುವ ಪಡೆಗಳ ಬಳಿ 7.62×39ರ ಎ.ಕೆ. ಒಂದು ಬೆಟಾಲಿಯನ್ ಮೈದಾನದ ನೆಲೆಯಿಂದ ಕಾಶ್ಮೀರಕ್ಕೆ ಹೋದಾಗ ಸೈನಿಕರು ಒಂದು ರೈಫಲನ್ನು ಬಿಟ್ಟು ಇನ್ನೊಂದಕ್ಕೆ ಕೈ ಒಗ್ಗಿಸಿಕೊಳ್ಳಬೇಕಿತ್ತು. ಹಾಗಾದರೆ ಎರಡೂ ಕೆಲಸವನ್ನು ಒಂದೇ ರೈಫಲ್ ಮಾಡಿದರೆ ಹೇಗೆ? ಯುದ್ಧಕ್ಕೆ 5.56ರ ನಳಿಕೆ, ಉಗ್ರ ನಿಗ್ರಹಕ್ಕೆ 7.62×39ರ ನಳಿಕೆ, ಉಳಿದ ರೈಫಲ್ ಅದೇ. ಕೇಳುವುದಕ್ಕೆ ತರ್ಕ ಸರಿಯಾಗಿಯೇ ಇದೆ. ಬರೆದವರ ಉದ್ದೇಶದಲ್ಲಿ ದೋಷವಿತ್ತೆಂದು ನಾನು ಹೇಳುವುದಿಲ್ಲ. ಸೈನಿಕನ ನಿಜವಾದ ತೊಂದರೆಯೊಂದಕ್ಕೆ ಅವರು ಉತ್ತರ ಹುಡುಕುತ್ತಿದ್ದರು.

ಆಗಿನ ವರದಿಗಳ ಪ್ರಕಾರ ಪಟ್ಟಿಯ ಮುಖ್ಯ ಬೇಡಿಕೆಗಳು ಇವು: ರೈಫಲ್‌ನ ತೂಕ 3.6 ಕಿಲೋ ಮೀರಬಾರದು. ನಳಿಕೆ ಮತ್ತು ಮ್ಯಾಗಜಿನ್ ಬದಲಿಸಿದ ಮಾತ್ರಕ್ಕೆ 5.56×45ರಿಂದ 7.62×39ಕ್ಕೆ ಮಾರ್ಪಡಬೇಕು, ನಳಿಕೆಯ ಕೆಳಗೆ ಗ್ರೆನೇಡ್ ಲಾಂಚರ್ ಕೂರಬೇಕು, ಮೇಲೆ ಬೇಕೆಂದಾಗ ಹಾಕಿ ತೆಗೆಯಬಹುದಾದ ಗುರಿ ಉಪಕರಣಗಳು ನಿಲ್ಲಬೇಕು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಸಾಧ್ಯವಲ್ಲ. ಒಟ್ಟಿಗೆ ಇಟ್ಟು, ಒಂದೊಂದನ್ನೂ ಕಡ್ಡಾಯ ಎಂದಾಗ ಚಿತ್ರ ಬದಲಾಗುತ್ತದೆ.

ತೋಟಾ ಬದಲಿಸುವುದೆಂದರೆ ಏನೆಂದು ಮೇಜಿನ ಮೇಲೆ ಎರಡು ತೋಟಾಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ತಿಳಿಯುತ್ತದೆ. 5.56ರ ತೋಟಾ ತೆಳ್ಳಗೆ, ಬಹುತೇಕ ನೇರವಾಗಿ ನಿಲ್ಲುತ್ತದೆ. ಅದರ ಬುಡದ ಅಗಲ ಸುಮಾರು 9.6 ಮಿ.ಮೀ. ಎ.ಕೆ.ಯ ತೋಟಾ ಗಿಡ್ಡ, ದಪ್ಪ, ಬುಡದಿಂದ ಮೇಲಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಬುಡ ಸುಮಾರು 11.3 ಮಿ.ಮೀ. ಇಂತಹ ಮೂವತ್ತು ತೋಟಾಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಾಲು ತಾನಾಗಿಯೇ ಬಾಗುತ್ತದೆ, ಎ.ಕೆ.ಯ ಮ್ಯಾಗಜಿನ್‌ಗೆ ಬಾಳೆಹಣ್ಣಿನ ಆಕಾರ ಬಂದದ್ದು ಅದರಿಂದಲೇ. ಆದ್ದರಿಂದ ಮ್ಯಾಗಜಿನ್ ಬದಲಾದರೆ ಸಾಲದು, ಅದು ಕೂರುವ ಗೂಡೂ ಎರಡಕ್ಕೂ ಹೊಂದಬೇಕು. ತೋಟಾದ ಬುಡವನ್ನು ಹಿಡಿದುಕೊಳ್ಳುವುದು ಬೋಲ್ಟಿನ ಮುಖ. ಒಂಬತ್ತೂವರೆ ಮಿಲಿಮೀಟರಿಗೆ ಕಡೆದ ಮುಖದೊಳಗೆ ಹನ್ನೊಂದು ಮಿಲಿಮೀಟರಿನ ಬುಡ ಇಳಿಯುವುದೇ ಇಲ್ಲ. ಹಾಗಾಗಿ ಬೋಲ್ಟಿನ ತಲೆಯೂ ಬದಲಾಗಬೇಕು. ನಳಿಕೆ ಬದಲಾದ ಮೇಲೆ ಗುಂಡು ಮೊದಲಿನ ಜಾಗಕ್ಕೆ ಬೀಳುವುದಿಲ್ಲವಾದ್ದರಿಂದ ಮೈದಾನಕ್ಕೆ ಹೋಗಿ, ಕೆಲವು ಗುಂಡು ಹಾರಿಸಿ, ಗುರಿಯನ್ನು ಹೊಸದಾಗಿ ಕೂಡಿಸಬೇಕು. ಅದು ಮುಗಿದರೂ ಇನ್ನೊಂದು ಉಳಿಯುತ್ತದೆ: ನೂರು ಮೀಟರಿಗೆ ಗುರಿ ಕೂಡಿಸಿದ ರೈಫಲ್‌ನಿಂದ ಮುನ್ನೂರು ಮೀಟರಿಗೆ ಹಾರಿಸಿದಾಗ ಎ.ಕೆ.ಯ ಗುಂಡು 5.56ರ ಗುಂಡಿಗಿಂತ ಬಹುತೇಕ ಇಮ್ಮಡಿ ಕೆಳಗೆ ಬೀಳುತ್ತದೆ. ಒಂದು ತೋಟಾಕ್ಕೆ ಕಣ್ಣು ಪಳಗಿಸಿಕೊಂಡ ಸೈನಿಕ ಇನ್ನೊಂದಕ್ಕೆ ಹೋದಾಗ ಅಂದಾಜನ್ನೂ ಬದಲಿಸಿಕೊಳ್ಳಬೇಕು.

ಅಂದರೆ ಸೈನಿಕ ಎರಡು ರೈಫಲ್‌ಗಳ ಬದಲು ಒಂದು ರೈಫಲ್ ಜೊತೆಗೆ ಅರ್ಧ ರೈಫಲ್‌ನಷ್ಟು ಬಿಡಿಭಾಗಗಳನ್ನು ಕಾಯಬೇಕಾಗುತ್ತಿತ್ತು. ಆ ಬಿಡಿಭಾಗಗಳು ಎಲ್ಲಿರಬೇಕು? ಅವನ ಬೆನ್ನಚೀಲದಲ್ಲೋ, ಬೆಟಾಲಿಯನ್ನಿನ ಶಸ್ತ್ರಾಗಾರದಲ್ಲೋ? ಬೆನ್ನಚೀಲದಲ್ಲಾದರೆ ತೂಕ ಉಳಿಸಿದ್ದರ ಅರ್ಥ ಹೋಯಿತು. ಶಸ್ತ್ರಾಗಾರದಲ್ಲಾದರೆ, ಕಾಶ್ಮೀರಕ್ಕೆ ಹೊರಡುವ ಮುನ್ನ ಒಮ್ಮೆ ಬದಲಿಸಿಕೊಂಡು ಹೋಗುವುದಾದರೆ, ಅಲ್ಲೇ ಒಂದು ಎ.ಕೆ.ಯನ್ನೇ ಎತ್ತಿಕೊಟ್ಟರೆ ಆಗುತ್ತಿತ್ತಲ್ಲ ಎಂಬ ಸರಳ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಪಟ್ಟಿ ಬರೆಯುವ ಹಂತದಲ್ಲೇ ಕೇಳಿಕೊಂಡಿದ್ದರೆ, ಹೊಸ ರೈಫಲ್ ಕೊನೆಗೂ ಕೈಗೆ ಬಂದ 2019ರವರೆಗಿನ ಎಂಟು ವರ್ಷ ಉಳಿಯುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಹೊತ್ತಿಗೆ ಜಗತ್ತಿನ ಯಾವ ದೊಡ್ಡ ಸೇನೆಯೂ ತನ್ನ ಸಾಮಾನ್ಯ ಸೈನಿಕನಿಗೆ ಹೀಗೆ ತೋಟಾ ಬದಲಿಸಿಕೊಳ್ಳುವ ರೈಫಲನ್ನು ಕೊಟ್ಟು ನಡೆಸುತ್ತಿರಲಿಲ್ಲ. ಇಂತಹ ಮಾದರಿಗಳು ಕಂಪನಿಗಳ ಪ್ರದರ್ಶನ ಕಪಾಟಿನಲ್ಲಿದ್ದವು, ವಿಶೇಷ ಪಡೆಗಳ ಕೈಯಲ್ಲಿ ಅಲ್ಪಸ್ವಲ್ಪ ಇದ್ದವು, ಅಷ್ಟೇ.

ಸ್ಪರ್ಧೆ ನಡೆದ ಬಗೆ

ಕ್ಷೇತ್ರ ಪರೀಕ್ಷೆಯವರೆಗೆ ಉಳಿದವರು ನಾಲ್ವರು: ಇಟಲಿಯ ಬೆರೆಟಾ, ಅಮೆರಿಕದ ಕೋಲ್ಟ್, ಝೆಕ್ ಗಣರಾಜ್ಯದ ಸಿಝಡ್, ಇಸ್ರೇಲಿನ ಐಡಬ್ಲ್ಯುಐ. ನಾಲ್ಕೂ ಹೆಸರಾಂತ ಕಂಪನಿಗಳು. ಬೆರೆಟಾ ಮತ್ತು ಸಿಝಡ್‌ಗಳ ಹೊಸ ರೈಫಲ್‌ಗಳನ್ನು ಅವರ ದೇಶದ ಸೇನೆಗಳೇ ಆಗ 5.56ರಲ್ಲಿ ಸ್ವೀಕರಿಸುತ್ತಿದ್ದವು. ಆದರೆ ನಮ್ಮ ಪಟ್ಟಿಗೆ ಹೊಂದುವಂತೆ ತಮ್ಮ ಮಾದರಿಗಳನ್ನು ಅವರು ಒಗ್ಗಿಸಬೇಕಾಯಿತು. ಯುದ್ಧದಲ್ಲಿ ಪಳಗಿದ ರೈಫಲ್ ಬೇಕೆಂದು ಜಗತ್ತಿನ ಮಾರುಕಟ್ಟೆಗೆ ಹೋದ ಸೇನೆ, ತನ್ನ ಪಟ್ಟಿಯ ಬಲದಿಂದಲೇ, ಇನ್ನೂ ಪಳಗದ ರೂಪಗಳನ್ನು ತನ್ನೆದುರು ತಂದುಕೊಂಡಿತು.

ನಮ್ಮ ಖರೀದಿ ಕ್ರಮವನ್ನು ತಿಳಿಯದವರಿಗಾಗಿ ಎರಡು ಮಾತು. ಕಂಪನಿ ಎರಡು ಲಕೋಟೆ ಕೊಡುತ್ತದೆ, ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ಬೆಲೆ. ತಾಂತ್ರಿಕ ಲಕೋಟೆ ತೆರೆದು, ಕಾಗದದ ಮೇಲೆ ಅರ್ಹರಾದವರನ್ನು ಪರೀಕ್ಷೆಗೆ ಕರೆಯಲಾಗುತ್ತದೆ. ಪರೀಕ್ಷೆಯ ವೆಚ್ಚ ಕಂಪನಿಯದೇ. ಸರ್ಕಾರಕ್ಕೆ ಖರ್ಚೂ ಇಲ್ಲ, ಕೊಳ್ಳುವ ಕಟ್ಟುಪಾಡೂ ಇಲ್ಲ. ಬಿಸಿ, ಚಳಿ, ಧೂಳು, ಕೆಸರು, ನೀರು, ಎತ್ತರದಿಂದ ಬೀಳಿಸುವುದು, ಸಾವಿರಾರು ಗುಂಡು ಹಾರಿಸಿ ಎಷ್ಟು ಬಾರಿ ಸಿಕ್ಕಿಕೊಂಡಿತೆಂದು ಎಣಿಸುವುದು, ಎಲ್ಲವೂ ಆಗುತ್ತದೆ. ಪಟ್ಟಿಯ ಎಲ್ಲ ಕಡ್ಡಾಯ ಅಂಶಗಳಲ್ಲೂ ತೇರ್ಗಡೆಯಾದವರ ಬೆಲೆಯ ಲಕೋಟೆಯನ್ನು ಮಾತ್ರ ತೆರೆದು, ಅತಿ ಕಡಿಮೆ ಬೆಲೆಯವರನ್ನು, ಅಂದರೆ ‘ಎಲ್-1’ ಅನ್ನು, ಮಾತುಕತೆಗೆ ಕರೆಯಲಾಗುತ್ತದೆ.

ಈ ಕ್ರಮದ ಪ್ರಾಮಾಣಿಕತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಶಸ್ತ್ರ ಖರೀದಿಯಲ್ಲಿ ಹಗರಣಗಳ ನೋವುಂಡ ದೇಶ ತನಗೆ ತಾನೇ ಹಾಕಿಕೊಂಡ ಬೇಲಿ ಅದು. ಆದರೆ ಅದರಲ್ಲಿ ‘ಪಾಸು’ ಅಥವಾ ‘ಫೇಲು’ ಇತ್ತೇ ಹೊರತು ಅಂಕಗಳಿರಲಿಲ್ಲ. ಕೆಸರಿನಲ್ಲೂ ನಿಲ್ಲದೆ ಹಾರುವ, ಆದರೆ ನೂರು ಗ್ರಾಂ ಹೆಚ್ಚು ತೂಗುವ ರೈಫಲ್ ಫೇಲು. ಎಲ್ಲದರಲ್ಲೂ ಅಂಚಿನಲ್ಲಿ ತೇರ್ಗಡೆಯಾಗಿ ಬೆಲೆಯಲ್ಲಿ ಕಡಿಮೆಯಾದದ್ದು ಗೆಲುವು. ಯಾವ ಗುಣ ಪ್ರಾಣ ಉಳಿಸುತ್ತದೆ, ಯಾವುದು ಇದ್ದರೆ ಒಳ್ಳೆಯದು ಎಂಬ ತಾರತಮ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. ಹೀಗಿರುವಾಗ ಪಟ್ಟಿಗೆ ಒಂದು ಅತಿಯಾಸೆ ಸೇರಿಕೊಂಡರೂ ಅದು ಇಡೀ ಸ್ಪರ್ಧೆಯನ್ನು ಮುಳುಗಿಸಬಲ್ಲದು. ಅದೇ ಕಾಲಘಟ್ಟದ ಕಾರ್ಬೈನ್ (ಗಿಡ್ಡ ನಳಿಕೆಯ ಹಗುರ ಬಂದೂಕು) ಟೆಂಡರ್ ಕೂಡ ಇದೇ ದಾರಿ ಹಿಡಿಯಿತು. 44,618 ಕಾರ್ಬೈನ್‌ಗಳಿಗಾಗಿ ನಡೆದ ಸ್ಪರ್ಧೆಯಲ್ಲಿ ಕೊನೆಗೆ ಒಂದೇ ಕಂಪನಿ ಉಳಿದು, 2016ರಲ್ಲಿ ಅದೂ ರದ್ದಾಯಿತು.

ನಾಲ್ಕು ರೈಫಲ್‌ಗಳಲ್ಲಿ ಯಾವುದೂ ಪಟ್ಟಿಯ ಎಲ್ಲ ಬೇಡಿಕೆಗಳನ್ನು ಪೂರೈಸಲಿಲ್ಲವೆಂದು ಆಗಿನ ವರದಿಗಳು ಹೇಳಿದವು. ಆಗ ರಕ್ಷಣಾ ಸಚಿವರಾಗಿದ್ದ ಮನೋಹರ ಪರ್ರೀಕರ್, ನಮ್ಮ ಸೇನೆಯ ಕೆಲವು ಪಟ್ಟಿಗಳು ಕಾಮಿಕ್ಸ್ ಪುಸ್ತಕಗಳಿಂದ ಎತ್ತಿದಂತಿರುತ್ತವೆ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದ್ದರು. ಆ ಮಾತು ಕಟುವಾಗಿತ್ತು, ಆದರೆ ಪರಿಣಾಮವಿಲ್ಲದೆ ಹೋಗಲಿಲ್ಲ. 2016ರ ಹೊಸ ಖರೀದಿ ನಿಯಮಾವಳಿಯಲ್ಲಿ ಕಡ್ಡಾಯ ಅಂಶಗಳ ಜೊತೆಗೆ, ಹೆಚ್ಚಿನ ಸಾಮರ್ಥ್ಯ ತೋರಿದ ಆಯುಧಕ್ಕೆ ಬೆಲೆ ಹೋಲಿಕೆಯಲ್ಲಿ ಶೇ. 10ರವರೆಗೆ ಅನುಕೂಲ ಕೊಡುವ ಅವಕಾಶ ಸೇರಿತು. ಇನ್ಸಾಸ್‌ನ ಬದಲಿಗೆ ಮಾತ್ರ ಅದು ತಡವಾಗಿ ಬಂದ ಮಳೆ.

ಇಲ್ಲಿ ಫ್ರಾನ್ಸಿನ ಉದಾಹರಣೆಯನ್ನು ಎದುರಿಗಿಟ್ಟು ನೋಡುವುದು ಉಚಿತ. ತನ್ನ ಹಳೆಯ ಫಮಾಸ್ ರೈಫಲ್‌ಗೆ ಬದಲಿಯಾಗಿ ಫ್ರೆಂಚ್ ಸೇನೆ 2014ರಲ್ಲಿ ಸ್ಪರ್ಧೆ ಕರೆದು, 2016ರಲ್ಲಿ ಜರ್ಮನಿಯ ಎಚ್‌ಕೆ 416 ಅನ್ನು ಆರಿಸಿ, ಒಂದು ಲಕ್ಷಕ್ಕೂ ಹೆಚ್ಚು ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಆ ರೈಫಲ್ ಅದಾಗಲೇ ನಾರ್ವೆಯ ಸೇನೆಯಲ್ಲಿ ವರ್ಷಗಳಿಂದ ಇತ್ತು. ಫ್ರೆಂಚರು ಕೇಳಿದ್ದು ಒಂದೇ ತೋಟಾದ, ಇಂದು ಕಾರ್ಖಾನೆಯಿಂದ ಹೊರಬರುತ್ತಿರುವ ರೈಫಲನ್ನು. ತಮ್ಮದೇ ದೇಶದ ರೈಫಲ್ ಕಾರ್ಖಾನೆಯ ಹೆಮ್ಮೆಯನ್ನು ಅವರು ಬಿಟ್ಟುಕೊಡಬೇಕಾಯಿತು, ಅದು ಬೇರೆ ಮಾತು. ಆದರೆ ಎರಡು ವರ್ಷಗಳಲ್ಲಿ ತೀರ್ಮಾನವಾಯಿತು.

ಗುಂಡಿನ ಗಾತ್ರಕ್ಕೆ ಮರಳಿದ ಚರ್ಚೆ

ಟೆಂಡರ್ ರದ್ದಾದ ಮೇಲೆ ಸೇನೆ ಹಿಂದಿರುಗಿದ್ದು ಮೂಲ ಪ್ರಶ್ನೆಗೇ: ಗುಂಡು ಎಷ್ಟು ದೊಡ್ಡದಿರಬೇಕು? 5.56ರ ಪರವಾಗಿ ಸದಾ ಹೇಳುತ್ತಿದ್ದ ಕಾರಣ, ಗಾಯಗೊಂಡ ಶತ್ರುವನ್ನು ಹೊತ್ತೊಯ್ಯಲು ಇನ್ನಿಬ್ಬರು ಬೇಕಾಗುತ್ತದೆ, ಆದ್ದರಿಂದ ಕೊಲ್ಲುವುದಕ್ಕಿಂತ ಗಾಯಗೊಳಿಸುವುದು ಲಾಭ ಎಂಬುದು. ಈ ವಾದ ಬಾಯಿಂದ ಬಾಯಿಗೆ ಬಂದದ್ದು; 5.56ರ ನಿಜವಾದ ಲಾಭ ತೂಕದಲ್ಲಿದೆ. ಅದರ ಒಂದು ತೋಟಾ ಸುಮಾರು 12 ಗ್ರಾಂ ತೂಗಿದರೆ ಎಸ್‌ಎಲ್‌ಆರ್‌ನ 7.62×51 ತೋಟಾ ಸುಮಾರು 24 ಗ್ರಾಂ. ಅದೇ ಹೊರೆಯಲ್ಲಿ ಇಮ್ಮಡಿ ಗುಂಡು ಒಯ್ಯಬಹುದು. ಇತ್ತ ಶಕ್ತಿಯ ಲೆಕ್ಕದಲ್ಲಿ 5.56ರ ಗುಂಡು ನಳಿಕೆ ಬಿಡುವಾಗ ಸುಮಾರು 1,700 ಜೂಲ್, ಎ.ಕೆ.ಯದು 2,000, 7.62×51ರದ್ದು 3,300ರ ಆಸುಪಾಸು. ಸಾಯಲು ಸಿದ್ಧನಾಗಿಯೇ ಗಡಿ ದಾಟಿದ ಉಗ್ರನನ್ನು ಯಾರೂ ಹೊತ್ತೊಯ್ಯುವುದಿಲ್ಲ. ಗಾಯಗೊಂಡರೂ ಅವನು ಗುಂಡು ಹಾರಿಸುತ್ತಲೇ ಇರುತ್ತಾನೆ. ಕಣಿವೆಯ ಆಚೆ ದಡದ ಗುರಿಗೆ ಎ.ಕೆ.ಯ ಗುಂಡು ಸರಿಯಾಗಿ ಮುಟ್ಟುವುದೂ ಇಲ್ಲ. ಹೀಗೆ 2016ರಲ್ಲಿ ಸೇನೆಯ ಒಲವು 7.62×51ರ ಕಡೆ ವಾಲಿತು. ಇಪ್ಪತ್ತು ವರ್ಷಗಳ ಹಿಂದೆ ಭಾರವೆಂದು ಬಿಟ್ಟಿದ್ದ ತೋಟಾವೇ ಹಿಂದಿರುಗಿತು.

ಈ ತಿರುವಿನಲ್ಲೊಂದು ಎಚ್ಚರಿಕೆಯ ಅಂಶವಿದೆ. ಐದು ವರ್ಷಗಳ ಅಂತರದಲ್ಲಿ ಅದೇ ಸೇನೆ ‘5.56 ಮತ್ತು 7.62×39’ ಎಂದದ್ದು ‘7.62×51’ ಎಂದು ಬದಲಾಯಿತು. ಶತ್ರು ಬದಲಾಗಿರಲಿಲ್ಲ, ನೆಲವೂ ಬದಲಾಗಿರಲಿಲ್ಲ. ಅಂದರೆ 2011ರ ಪಟ್ಟಿಯ ಹಿಂದೆ ಗುಂಡಿನ ಗಾತ್ರದ ಬಗ್ಗೆ ನೆಲೆಗೊಂಡ ಅಭಿಪ್ರಾಯವೇ ಇರಲಿಲ್ಲ. ತೀರ್ಮಾನಿಸಲಾಗದ್ದನ್ನು ರೈಫಲ್ ತೀರ್ಮಾನಿಸಲಿ ಎಂದು ಎರಡು ದೋಣಿಯ ಮೇಲೆ ಕಾಲಿಟ್ಟಂತಾಗಿತ್ತು. ಬಹು ತೋಟಾದ ಬೇಡಿಕೆಯನ್ನು ನಾನು ತಾಂತ್ರಿಕ ಮಹತ್ವಾಕಾಂಕ್ಷೆ ಎಂದು ಓದುವುದಿಲ್ಲ, ಮುಂದೂಡಿದ ತೀರ್ಮಾನವೆಂದು ಓದುತ್ತೇನೆ.

ನಮ್ಮದೇ ಕಾರ್ಖಾನೆಗಳಿಗೂ ಅವಕಾಶ ಸಿಕ್ಕಿತು. ಆರ್ಡನೆನ್ಸ್ ಫ್ಯಾಕ್ಟರಿ ಬೋರ್ಡ್ ಇಶಾಪುರದಲ್ಲಿ ತಯಾರಿಸಿದ 7.62×51 ರೈಫಲನ್ನು ಸೇನೆ 2017ರಲ್ಲಿ ಪರೀಕ್ಷಿಸಿ ತಿರಸ್ಕರಿಸಿತು; ಅನುಮತಿಸಿದ ಮಿತಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಬಾರಿ ಅದು ಸಿಕ್ಕಿಕೊಂಡಿತೆಂದೂ ಮ್ಯಾಗಜಿನ್ನನ್ನು ಪೂರ್ತಿಯಾಗಿ ಹೊಸದಾಗಿ ವಿನ್ಯಾಸಗೊಳಿಸಬೇಕೆಂದೂ ವರದಿಯಾಯಿತು. ಕಾರ್ಗಿಲ್‌ನಲ್ಲಿ ದೂರು ಬಂದದ್ದೂ ಮ್ಯಾಗಜಿನ್ ಬಗ್ಗೆ, ಹದಿನೆಂಟು ವರ್ಷಗಳ ಮೇಲೆ ತೊಡರಿದ್ದೂ ಮ್ಯಾಗಜಿನ್‌ನಲ್ಲಿ. ರೈಫಲ್‌ನ ಅತ್ಯಂತ ಅಗ್ಗದ ಭಾಗವೆಂದು ಕಾಣುವ ಆ ತಗಡಿನ ಡಬ್ಬಿ ಮತ್ತು ಅದರೊಳಗಿನ ಸ್ಪ್ರಿಂಗ್ ಎಷ್ಟು ಸೂಕ್ಷ್ಮವೆಂಬುದನ್ನು ಶಸ್ತ್ರ ತಯಾರಕರು ಚೆನ್ನಾಗಿ ಬಲ್ಲರು. ಖಾಸಗಿ ವಲಯಕ್ಕೆ ಬಾಗಿಲು ತೆರೆದ ಮೇಲೆ ರೈಫಲ್ ತಯಾರಿಕೆಗೆ ಇಳಿದ ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್, ದಶಕಗಳಿಂದ ಸ್ಪ್ರಿಂಗ್‌ಗಳನ್ನೇ ತಯಾರಿಸುತ್ತಿದ್ದ ಸಮೂಹದಿಂದ ಬಂದದ್ದು ಈ ದೃಷ್ಟಿಯಿಂದ ಗಮನಾರ್ಹ. ಆದರೆ 2011ರ ಸ್ಪರ್ಧೆಯ ಕಾಲಕ್ಕೆ ಇಂತಹ ದೇಶೀ ಖಾಸಗಿ ಸ್ಪರ್ಧಿಗಳು ಕಣದಲ್ಲೇ ಇರಲಿಲ್ಲ.

ಸ್ಪರ್ಧೆಯಿಲ್ಲದ ದಾರಿಗಳು

2018ರ ಜನವರಿಯಲ್ಲಿ ರಕ್ಷಣಾ ಖರೀದಿ ಮಂಡಳಿ 72,400 ರೈಫಲ್ ಮತ್ತು 93,895 ಕಾರ್ಬೈನ್‌ಗಳನ್ನು ತ್ವರಿತ ಕ್ರಮದಲ್ಲಿ ಕೊಳ್ಳಲು 3,547 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಮರು ತಿಂಗಳು ಇನ್ನೂ 7.40 ಲಕ್ಷ ರೈಫಲ್‌ಗಳಿಗೆ ಒಪ್ಪಿಗೆ ಸಿಕ್ಕಿತು. ತ್ವರಿತ ಕ್ರಮದ ರೈಫಲ್‌ನಲ್ಲಿ ಎಲ್-1 ಆದದ್ದು ಅಮೆರಿಕದ ಸಿಗ್ ಸಾಯರ್ ಕಂಪನಿಯ ಸಿಗ್ 716. 2019ರ ಫೆಬ್ರವರಿಯಲ್ಲಿ ಒಪ್ಪಂದ, ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಕಂತು ಕಾಶ್ಮೀರದ ಗಡಿ ನೋಡಿಕೊಳ್ಳುವ ಉತ್ತರ ಕಮಾಂಡಿನ ಕೈಗೆ. ಹಿಂದಿನ ಸ್ಪರ್ಧೆ ಮೂರೂವರೆ ವರ್ಷಗಳಲ್ಲಿ ಮಾಡಲಾಗದ್ದು ಎರಡು ವರ್ಷದೊಳಗೆ ಆಯಿತು. ಕೇಳಿದ್ದು ಒಂದು ತೋಟಾದ, ಮಾರುಕಟ್ಟೆಯಲ್ಲಿ ಸಿಗುವ ರೈಫಲ್ ಎಂಬುದೇ ಇದರ ಮುಖ್ಯ ಕಾರಣ. ಅದೇ ಕ್ರಮದಲ್ಲಿ ಯುಎಇಯ ಕಂಪನಿಯೊಂದು ಗೆದ್ದಿದ್ದ ಕಾರ್ಬೈನ್ ಖರೀದಿ ಮಾತ್ರ 2020ರಲ್ಲಿ ಕೈಬಿಟ್ಟುಹೋಯಿತು. ತ್ವರಿತ ಎಂಬ ಹೆಸರೊಂದೇ ಕೆಲಸ ಮಾಡುವುದಿಲ್ಲ.

ದೊಡ್ಡ ಸಂಖ್ಯೆಯ ರೈಫಲ್‌ಗೆ ಸ್ಪರ್ಧೆಯನ್ನೇ ಬಿಟ್ಟು ಸರ್ಕಾರದಿಂದ ಸರ್ಕಾರಕ್ಕೆ ಎಂಬ ದಾರಿ ಹಿಡಿಯಲಾಯಿತು. 2019ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಕೊರ್ವಾದಲ್ಲಿ ಭಾರತ–ರಷ್ಯಾ ಜಂಟಿ ಕಾರ್ಖಾನೆಯನ್ನು ಪ್ರಧಾನಿ ಉದ್ಘಾಟಿಸಿದರು. ತಯಾರಾಗಬೇಕಿದ್ದದ್ದು 7.62×39 ತೋಟಾದ ಎ.ಕೆ.-203. ಆದರೆ ಬೆಲೆ ಮತ್ತು ರಾಯಧನದ ಹಗ್ಗಜಗ್ಗಾಟ ಮುಗಿದು 6,01,427 ರೈಫಲ್‌ಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2021ರ ಡಿಸೆಂಬರ್‌ನಲ್ಲಿ; ಉತ್ಪಾದನೆ ಶುರುವಾದದ್ದು 2023ರ ಜನವರಿಯಲ್ಲಿ; 2024ರ ಜುಲೈ ವೇಳೆಗೆ ಸೇನೆಗೆ ತಲುಪಿದ್ದು 35,000. ಸ್ಪರ್ಧೆ ನಡೆಸದಿದ್ದರೆ ಸಮಯ ಉಳಿಯುತ್ತದೆ ಎನ್ನುವವರು ಈ ದಿನಾಂಕಗಳನ್ನು ಒಮ್ಮೆ ಓದಬೇಕು. ಎದುರಿಗೆ ಬೇರೆ ಸ್ಪರ್ಧಿ ಇಲ್ಲದಾಗ ಬೆಲೆಯ ಚೌಕಾಸಿಯಲ್ಲಿ ಕೊಳ್ಳುವವನ ಕೈ ಸೋಲುತ್ತದೆ, ಆಗ ಕಾಲವನ್ನೇ ತೆರಬೇಕಾಗುತ್ತದೆ.

ಈಗ ಒಟ್ಟು ಚಿತ್ರವನ್ನು ನೋಡೋಣ. ಒಂದು ರೈಫಲ್‌ನಲ್ಲಿ ಎರಡು ತೋಟಾ ಬೇಕೆಂದು ಹೊರಟ ಸೇನೆಯ ಬಳಿ ಇಂದು ಮೂರು ತೋಟಾದ ಮೂರು ರೈಫಲ್‌ಗಳಿವೆ: ದೂರದ ಗುರಿಗೆ ಸಿಗ್ 716, ಸಾಮಾನ್ಯ ಬಳಕೆಗೆ ಎ.ಕೆ.-203, ಬದಲಾಗದೆ ಉಳಿದ ಕಡೆ ಇನ್ಸಾಸ್. ಸರಬರಾಜು ನೋಡಿಕೊಳ್ಳುವ ಅಧಿಕಾರಿಗೆ ಇದು ತಲೆನೋವೇ. ಹೇಸರಗತ್ತೆಯ ಬೆನ್ನ ಮೇಲೆ ಏರುವ ಪೆಟ್ಟಿಗೆಯಲ್ಲಿ ತಪ್ಪು ತೋಟಾ ಇದ್ದರೆ ಮೇಲಿನ ಠಾಣೆಯಲ್ಲಿರುವವನಿಗೆ ಅದು ಬರೀ ಹಿತ್ತಾಳೆಯ ಭಾರ. ಆದರೂ, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ರೈಫಲ್ ಎಂಬುದು ತಪ್ಪು ತೀರ್ಮಾನವೆಂದು ನನಗೆ ಅನ್ನಿಸುವುದಿಲ್ಲ. 2011ರಲ್ಲೇ ಇದನ್ನು ನೇರವಾಗಿ ಒಪ್ಪಿಕೊಂಡು, ಎರಡು ಸರಳ ಪಟ್ಟಿ ಬರೆದು, ಎರಡು ಸ್ಪರ್ಧೆ ನಡೆಸಿದ್ದರೆ ಇದೇ ಜಾಗಕ್ಕೆ ಬಹಳ ಮುಂಚೆ, ಪರೀಕ್ಷೆಯ ಬಲದ ಮೇಲೆ ಬಂದು ಸೇರಬಹುದಿತ್ತು. ಆ ಎಂಟು ವರ್ಷ ಗಡಿಯಲ್ಲಿ ನಿಂತವರು ತಮಗೆ ನಂಬಿಕೆ ಕಡಿಮೆಯಾದ ರೈಫಲನ್ನೇ ಹಿಡಿದು ನಿಂತಿದ್ದರು ಎಂಬುದು ಮರೆಯುವಂತಹ ಸಂಗತಿಯಲ್ಲ.

ಅವಸರದ ಖರೀದಿಯೂ ತನ್ನ ಬೆಲೆ ಕೇಳಿತು. ದೇಶದಲ್ಲಿ ತಯಾರಾದ ತೋಟಾಗಳೊಂದಿಗೆ ಸಿಗ್ 716 ಕೆಲವೊಮ್ಮೆ ತೊಡಕು ಕೊಟ್ಟಿತೆಂಬ ವರದಿಗಳು ಬಂದವು. ರೈಫಲನ್ನು ಅದು ಮುಂದೆ ತಿನ್ನಬೇಕಾದ ತೋಟಾದೊಂದಿಗೇ ಪರೀಕ್ಷಿಸಬೇಕೆಂಬುದು ಸ್ಪರ್ಧೆಯ ಮೊದಲ ಪಾಠ. ದೂರದ ಗುರಿಗೆಂದೇ ಕೊಂಡ ಆ ರೈಫಲ್, ಕಬ್ಬಿಣದ ಸಾದಾ ಗುರಿಕಂಬಿಗಳೊಂದಿಗೆ ಬಂದಿತು. 2011ರ ಪಟ್ಟಿ ಅಷ್ಟೊಂದು ಕಾಳಜಿಯಿಂದ ಕೇಳಿದ್ದ, ಹಾಕಿ ತೆಗೆಯಬಹುದಾದ ಗುರಿ ಉಪಕರಣಗಳು ಜೊತೆಗಿರಲಿಲ್ಲ. 2024ರಲ್ಲಿ ಇನ್ನೂ 73,000 ಸಿಗ್ ರೈಫಲ್‌ಗಳಿಗೆ ಆದೇಶ ಹೋಯಿತು. ಅವುಗಳ ಮೇಲೆ ಕೂರಿಸುವ ರಾತ್ರಿ ದೃಷ್ಟಿ ಉಪಕರಣಕ್ಕಾಗಿ ರಕ್ಷಣಾ ಸಚಿವಾಲಯ 659.47 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದ್ದು 2025ರ ಅಕ್ಟೋಬರ್‌ನಲ್ಲಿ, ಮೊದಲ ರೈಫಲ್ ಉತ್ತರ ಕಮಾಂಡಿಗೆ ತಲುಪಿ ಸುಮಾರು ಆರು ವರ್ಷಗಳಾದ ಮೇಲೆ.